ಸೈಲೆನ್ಸರ್ ಹುಡುಗಿ ಮತ್ತು ಮಹಡಿ ಮೇಲಿನ ಬ್ಯಾಂಡು

ಅವಳ ತಾಯಿಯ ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಊರ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಹಗಲೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕಸುಬು. ಸಂಜೆ ಐದೂವರೆಯಾದರೆ ಎಲ್ಲರೂ ಕಿರಿದಾದ ಮರದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕ್ಲಾರಿನೆಟ್ ನುಡಿಸುತ್ತ ಎಲ್ಲರನ್ನೂ ನಡೆಸುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಟ್ರಂಪೆಟ್ ಊದುವವನು ಸೈಕಲ್ ರಿಪೇರಿಯವನು. ದೊಡ್ಡ ಡ್ರಮ್ಮು ಎದುರು ಬೀದಿಯ ಬೇಕರಿ ಅಕ್ಕನದು. ಬೆಳಗಿನಿಂದ ಹಿಟ್ಟು ನಾದಿದ ತೋಳಿಗೆ ಡ್ರಮ್ಮು ಯಾವ ಮಹಾ! ಇವರಲ್ಲದೆ ಇನ್ನೂ ನಾಲ್ಕೈದು ಮಂದಿ. ಎಲ್ಲರೂ ಸೇರಿ ಶುರುಮಾಡಿದರೆ ಕೆಳಗೆ ಅಂಗಡಿಯ ಬಲ್ಬು ತೂಗಾಡುತ್ತಿತ್ತು, ಮಡಿಸಿಟ್ಟ ಅಂಗಿಗಳ ಮೇಲೆ ಧೂಳು ಉದುರುತ್ತಿತ್ತು. ತಾಯಿ ಬಟ್ಟೆಯ ಮೇಲೆ ಹಳೆಯ ಪೇಪರು ಹೊದಿಸುತ್ತ, "ಅವರು ಊದೋದು, ನಾನು ಕೊಡವೋದು" ಎಂದು ಗೊಣಗುತ್ತಿದ್ದಳು. ಗೊಣಗಿದರೂ ಅವಳ ಇಸ್ತ್ರಿಪೆಟ್ಟಿಗೆ ಮಾತ್ರ ಮೇಲಿನ ತಾಳಕ್ಕೇ ಓಡುತ್ತಿತ್ತು.

ಹುಡುಗಿಗೆ ಆಗ ಒಂಬತ್ತು ವರ್ಷ. ಮಾತೆಂದರೆ ಜೀವ ಹೋಗುವಷ್ಟು ಹೆದರಿಕೆ. ಗಿರಾಕಿಗಳು ಮಾತಾಡಿಸಿದರೆ ಇಸ್ತ್ರಿ ಮೇಜಿನ ಕೆಳಗೆ ನುಸುಳುವಳು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ತಪ್ಪಾಗಿಬಿಟ್ಟರೆ? ಸೈಕಲ್ ರಿಪೇರಿಯವನು ಅವಳಿಗೆ 'ಸೈಲೆನ್ಸರ್' ಎಂದೇ ಹೆಸರಿಟ್ಟಿದ್ದ. ಆದರೆ ಇಸ್ತ್ರಿಯಾದ ಬ್ಯಾಂಡಿನ ನೀಲಿ ಕೋಟುಗಳನ್ನು ಮೇಲಕ್ಕೆ ಒಯ್ಯುವ ಕೆಲಸವನ್ನು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಕೊಟ್ಟವಳು ಅಲ್ಲೇ ಬಾಗಿಲ ಬಳಿ ಕೂತುಬಿಡುವಳು.

ಒಂದು ದಿನ ಮೇಷ್ಟ್ರು ಕ್ಲಾರಿನೆಟ್ ಕೆಳಗಿಟ್ಟು ಕೇಳಿದರು: "ದಿನಾ ಕೂತ್ಕೊಂಡು ಕೇಳ್ತೀಯಲ್ಲ, ಏನು ಕೇಳಿಸುತ್ತೆ ಹೇಳು ನೋಡೋಣ."

ಹುಡುಗಿ ಕಾಲ್ಬೆರಳು ನೋಡಿಕೊಂಡೇ ಪಿಸುಗುಟ್ಟಿದಳು: "ಶುರು ಮಾಡೋಕ್ ಮುಂಚೆ ಎಲ್ಲರೂ ಒಟ್ಟಿಗೆ ಉಸಿರು ತಗೋತೀರ. ಸೈಕಲ್ ಮಾಮ ಮಾತ್ರ ಲೇಟು."

ಕೋಣೆಯಲ್ಲಿ ನಗೆಯೆದ್ದಿತು. "ಕೇಳಿದ್ಯೇನಯ್ಯಾ? ಇಪ್ಪತ್ತು ವರ್ಷದಿಂದ ನಾನೂ ಬಡ್ಕೊಳ್ತಿರೋದು ಅದನ್ನೇ" ಎಂದರು ಮೇಷ್ಟ್ರು. ಸೈಕಲ್ ಮಾಮ ಟ್ರಂಪೆಟ್ಟಿನ ಬಾಯಿ ಒರೆಸುವವನಂತೆ ಮುಖ ಮುಚ್ಚಿಕೊಂಡ.

ಅದಾದ ವಾರದಲ್ಲೇ ಬ್ಯಾಂಡಿನಲ್ಲಿ ತಾಳ ಹಾಕುವವನು ಏಣಿಯಿಂದ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಇನ್ನು ನಾಲ್ಕೇ ದಿನಕ್ಕೆ ಹೊಸ ಬಸ್ ನಿಲ್ದಾಣದ ಉದ್ಘಾಟನೆಯಲ್ಲಿ ಬ್ಯಾಂಡು ನುಡಿಸಬೇಕಿತ್ತು. ಮೇಷ್ಟ್ರು ನೇರವಾಗಿ ಇಸ್ತ್ರಿ ಅಂಗಡಿಗೆ ಇಳಿದು ಬಂದರು.

"ನಿಮ್ಮ ಹುಡುಗೀನ ಕಳಿಸಿಕೊಡಮ್ಮ. ಮೂರೇ ಮೂರು ಕಡೆ ತಾಳ ತಟ್ಟಬೇಕು, ಅಷ್ಟೇ."

"ಅವಳಾ? ಅವಳು ಬಾಗಿಲು ಮುಚ್ಚಿದ್ರೂ ಸದ್ದಾಗಲ್ಲ ಮೇಷ್ಟ್ರೇ!"

"ಕಿವಿ ಇದೆಯಲ್ಲ, ಸಾಕು. ಸದ್ದು ತಾಳದಲ್ಲೇ ಇರುತ್ತೆ."

ಊಟದ ತಟ್ಟೆಯಷ್ಟು ಅಗಲದ ಹಿತ್ತಾಳೆ ತಾಳಗಳು ಅವಳ ಕೈಗೆ ಬಂದವು. ತಾಯಿ ಚಿಕ್ಕದೊಂದು ಕೋಟನ್ನು ಇನ್ನಷ್ಟು ಚಿಕ್ಕದು ಮಾಡಿ ಹೊಲಿದಳು. ಆದರೂ ತೋಳು ಬೆರಳು ಮುಟ್ಟುತ್ತಿತ್ತು.

ಉದ್ಘಾಟನೆಯ ದಿನ ನಗರಸಭೆಯ ಅಧ್ಯಕ್ಷರು ಮಾತಿಗೆ ನಿಂತರು. ಬ್ಯಾಂಡಿನವರು ವೇದಿಕೆಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಭಾಷಣ ಮುಗಿದ ಮೇಲೆ ಮೇಷ್ಟ್ರು ಉಸಿರು ಎಳೆದುಕೊಳ್ಳುತ್ತಾರೆ, ಆಗ ಮೊದಲ ಪೆಟ್ಟು. ಹುಡುಗಿ ಉಸಿರಿಗಾಗಿಯೇ ಕಿವಿಗೊಟ್ಟು ಕಾದಿದ್ದಳು. ಅಧ್ಯಕ್ಷರು, "ಈ ನಿಲ್ದಾಣ ನಮ್ಮೆಲ್ಲರ ಬಹುದಿನದ ಕನಸು" ಎಂದು ಹೇಳಿ, ಮೈಕಿನ ಮುಂದೆ ದೀರ್ಘವಾಗಿ ಉಸಿರೆಳೆದುಕೊಂಡರು.

ಝಣ್!

ಮುಂದಿನ ಸಾಲಿನ ಮಗುವೊಂದು ಕಿಟಾರನೆ ಕಿರುಚಿತು. ಅಧ್ಯಕ್ಷರ ಕೈಯಲ್ಲಿದ್ದ ಹಾಳೆ ಹಾರಿತು. ಹುಡುಗಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಪಕ್ಕದಿಂದ ಬೇಕರಿ ಅಕ್ಕ 'ಢಂ ಢಂ' ಎಂದು ಎರಡು ಪೆಟ್ಟು ಕೊಟ್ಟಳು. ಅದರ ಬೆನ್ನಿಗೇ ಮೇಷ್ಟ್ರು ಕ್ಲಾರಿನೆಟ್ಟಿನಲ್ಲಿ ಏಳೆಂಟು ಸ್ವರದ ಒಂದು ಲವಲವಿಕೆಯ ತುಣುಕು ನುಡಿಸಿದರು. ಸೈಕಲ್ ಮಾಮ ಟ್ರಂಪೆಟ್ಟಿನಲ್ಲಿ ಅದಕ್ಕೊಂದು ಬಾಲ ಸೇರಿಸಿದ. ಈ ಸಲ ಸರಿಯಾದ ಹೊತ್ತಿಗೆ. ಎಲ್ಲವೂ ಮೊದಲೇ ಗೊತ್ತುಮಾಡಿಕೊಂಡಿದ್ದ ಹಾಗಿತ್ತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು.

ಅಧ್ಯಕ್ಷರ ಮುಖ ಅರಳಿತು. ಇನ್ನೊಂದು ವಾಕ್ಯ ಹೇಳಿ, ಬ್ಯಾಂಡಿನ ಕಡೆ ಆಸೆಯಿಂದ ತಿರುಗಿದರು. ಮೇಷ್ಟ್ರು ಹುಡುಗಿಯ ಕಡೆ ಹುಬ್ಬು ಹಾರಿಸಿದರು. ಅವಳು ಅಳುಕುತ್ತಲೇ ಮತ್ತೆ ತಟ್ಟಿದಳು. ಮತ್ತೆ ಢಂ ಢಂ, ಮತ್ತೆ ಕ್ಲಾರಿನೆಟ್. ಆಮೇಲೆ ಅಧ್ಯಕ್ಷರು ಮಾತು ನಿಲ್ಲಿಸಲೇ ಇಲ್ಲ. ಹತ್ತು ನಿಮಿಷದ ಭಾಷಣ ಅರ್ಧ ಗಂಟೆ ಎಳೆಯಿತು, ಒಬ್ಬರೂ ಎದ್ದು ಹೋಗಲಿಲ್ಲ. ಆರನೆಯ ಸಲ ತಾಳ ತಟ್ಟುವಾಗ ಹುಡುಗಿ ಮೇಷ್ಟ್ರ ಹುಬ್ಬಿನ ಕಡೆ ನೋಡಲೂ ಇಲ್ಲ.

"ಸೈಲೆನ್ಸರ್ ಕಿತ್ಕೊಂಡು ಹೋಯ್ತಪ್ಪೋ!" ಎಂದು ಸೈಕಲ್ ಮಾಮ ದಾರಿಯುದ್ದಕ್ಕೂ ಸಾರಿಕೊಂಡು ಬಂದ.

ಮಹಡಿ ತಲುಪಿದ ಮೇಲೆ ಹುಡುಗಿ ಕೋಟು ಕಳಚುತ್ತ ಅಳತೊಡಗಿದಳು. "ನಾನು ತಪ್ಪು ಮಾಡಿದೆ."

"ಹೌದು, ಮಾಡಿದೆ" ಎಂದರು ಮೇಷ್ಟ್ರು. "ಇಲ್ಲ ಅಂತ ಯಾರೂ ಹೇಳ್ತಿಲ್ಲ. ನಾಳೆ ಐದು ಗಂಟೆಗೇ ಬಾ, ಯಾರ ಉಸಿರು ಕೇಳಬೇಕು ಅಂತ ಹೇಳಿಕೊಡ್ತೀನಿ. ಆದ್ರೆ ಅಳೋದ್ಯಾಕೆ? ಪಕ್ಕದಲ್ಲಿ ನಿಂತಿರೋ ನಾವೆಲ್ಲ ಏನು ಗೊಂಬೆಗಳಾ?"

"ಒಂದು ಬನ್ ಸುಟ್ಟುಹೋದ್ರೆ ಒಲೆ ಆರಿಸಿಬಿಡ್ತೀವೇನೇ?" ಎಂದು ಬೇಕರಿ ಅಕ್ಕ ಹಿಟ್ಟಿನ ವಾಸನೆಯ ಸೆರಗಿನಿಂದ ಅವಳ ಮೂಗು ಒರೆಸಿದಳು.

ಮಾರನೆಯ ದಿನ ಅವಳು ಐದಕ್ಕಲ್ಲ, ನಾಲ್ಕೂಮುಕ್ಕಾಲಿಗೇ ಹೋದಳು. ತಾಳದವನ ಕೈ ವಾಸಿಯಾದ ಮೇಲೂ ಅವಳನ್ನು ಯಾರೂ ಬಿಟ್ಟುಕೊಡಲಿಲ್ಲ. ಒಂಬತ್ತು ವರ್ಷ ಆ ಮೆಟ್ಟಿಲು ಹತ್ತಿದಳು. ಶಾಲೆಯಲ್ಲಿ ಕೈ ಎತ್ತತೊಡಗಿದಳು. ಉತ್ತರ ತಪ್ಪಾದಾಗ ನಾಲಿಗೆ ಕಚ್ಚಿಕೊಂಡು ಇನ್ನೊಮ್ಮೆ ಎತ್ತುವಳು.

ಅವಳು ಸಂಗೀತಗಾರ್ತಿಯಾಗಲಿಲ್ಲ. ಅಷ್ಟು ವರ್ಷ ತಟ್ಟಿದರೂ ಒಂದು ಹಾಡನ್ನು ಶ್ರುತಿಯಲ್ಲಿ ಹಾಡಲು ಅವಳಿಗೆ ಬರುವುದಿಲ್ಲ. ದೊಡ್ಡ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆದಳು. ಅಲ್ಲಿ ಎಲ್ಲರ ಮುಖಕ್ಕೂ ಮುಸುಕು. ಕಣ್ಣೊಂದನ್ನು ಬಿಟ್ಟು ಬೇರೇನೂ ಕಾಣದು. ಆದರೆ ಡಾಕ್ಟರು ಒಂದು ಹೆಜ್ಜೆ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಮುಸುಕಿನೊಳಗೆ ಎಳೆದುಕೊಳ್ಳುವ ಸಣ್ಣ ಉಸಿರು ಅವಳಿಗೆ ಕೇಳಿಸುತ್ತದೆ. ಡಾಕ್ಟರು ಬಾಯಿ ತೆರೆಯುವುದರೊಳಗೆ ಬೇಕಾದ ಉಪಕರಣ ಅಂಗೈಯಲ್ಲಿರುತ್ತದೆ. "ಸಿಸ್ಟರ್, ನಿಮಗೆ ಮನಸ್ಸು ಓದೋಕೆ ಬರುತ್ತಾ?" ಎಂದು ಅವರು ಕೇಳಿದರೆ, "ಇಲ್ಲ ಡಾಕ್ಟ್ರೇ, ನಾನು ಬ್ಯಾಂಡಿನವಳು" ಎನ್ನುತ್ತಾಳೆ.

ಕಳೆದ ತಿಂಗಳು ಹೊಸದಾಗಿ ತರಬೇತಿಗೆ ಬಂದ ಹುಡುಗಿಯೊಬ್ಬಳು ಆಪರೇಷನ್ ನಡೆಯುವಾಗಲೇ ಕತ್ತರಿ ಕೆಳಗೆ ಬೀಳಿಸಿ ಕಲ್ಲಾಗಿ ನಿಂತಳು. ಇವಳು ತಿರುಗಿಯೂ ನೋಡದೆ ಬದಲಿ ಕತ್ತರಿಯನ್ನು ಡಾಕ್ಟರ ಕೈಗಿಟ್ಟು, "ಬಿದ್ದಿದ್ದು ಅಲ್ಲೇ ಇರಲಿ. ಬಳಸಿದ ಹತ್ತಿ ಉಂಡೆ ಎಣಿಸು, ಜೋರಾಗಿ" ಎಂದಳು. ಹುಡುಗಿ ಎಣಿಸಿದಳು, ಎಂಟಕ್ಕೆ ಬರುವಷ್ಟರಲ್ಲಿ ದನಿ ನೆಟ್ಟಗಾಗಿತ್ತು. ಆಮೇಲೆ ಕ್ಯಾಂಟೀನಿನಲ್ಲಿ ಅವಳು ಕೇಳಿದಳು: "ಅಕ್ಕಾ, ನನಗೆ ಯಾಕೆ ಬೈಲಿಲ್ಲ?"

"ಬೈತೀನಿ ತಡಿ. ಕತ್ತರಿ ಹಾಗಾ ಹಿಡಿಯೋದು?" ಎಂದು ಇವಳು ಚಮಚ ಹಿಡಿದು ಅರ್ಧ ಗಂಟೆ ಹೇಳಿಕೊಟ್ಟಳು. ನಡುವೆ ಬಸ್ ನಿಲ್ದಾಣದ ಕಥೆಯನ್ನೂ ಹೇಳಿದಳು. ಹುಡುಗಿ ನಕ್ಕು ನಕ್ಕು ಟೀ ಚೆಲ್ಲಿಕೊಂಡಳು. ಆ ಬ್ಯಾಂಡನ್ನು ತಾನೂ ನೋಡಲೇಬೇಕೆಂದು ಹಟ ಹಿಡಿದಳು.

ಭಾನುವಾರ ಇಬ್ಬರೂ ಅದೇ ಮಹಡಿಗೆ ಹೋದರು. ಮೇಷ್ಟ್ರಿಗೆ ಈಗ ಎಂಬತ್ತಮೂರು. ಊದುವುದಿಲ್ಲ, ಕುರ್ಚಿಯಲ್ಲಿ ಕೂತು ಬೈಯುತ್ತಾರೆ. ಬ್ಯಾಂಡು ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ತರಬೇತಿಯ ಹುಡುಗಿ ಜೇಬಿನಿಂದ ಆಸ್ಪತ್ರೆಯ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು. ಅದನ್ನು ಕಂಡ ಬೇಕರಿ ಅಕ್ಕ ಡ್ರಮ್ಮು ನಿಲ್ಲಿಸಿ ಕೈ ಚಾಚಿದಳು:

"ನನಗೂ ಒಂಚೂರು ಕೊಡೇ ತಾಯಿ. ಇಷ್ಟು ವರ್ಷ ಇದು ಹೊಳೀಲೇ ಇಲ್ಲ ನೋಡು!"