ದ್ರಾಕ್ಷಾಯಣಿಯ ಕೊರಳಿನ ಟೇಪು

ನಾನು ಒಂದು ಅಳತೆ ಟೇಪು. ಅರವತ್ತು ಇಂಚು ಉದ್ದ, ಹಳದಿ ಮೈ, ಎರಡೂ ತುದಿಗೆ ಹಿತ್ತಾಳೆಯ ಪಟ್ಟಿ. ಯಾವುದೋ ಕಾರ್ಖಾನೆಯಲ್ಲಿ ನನ್ನ ಮೈಮೇಲೆ ಅಂಕಿ ಒತ್ತಿ, ಸುರುಳಿ ಸುತ್ತಿ, ಹನ್ನೊಂದು ಮಂದಿ ಒಡಹುಟ್ಟಿದವರ ಜೊತೆ ಡಬ್ಬಿಗೆ ತುಂಬಿದರು. ಹುಟ್ಟಿನ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾದದ್ದು ಬೇರೆಯೇ ಇದೆ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರಾಣೆಬೆನ್ನೂರಿನ ಟೇಲರ್ ಇಮಾಮಸಾಬರು ನನ್ನನ್ನು ಕೊಂಡರು. ಅವರ ಕಣ್ಣು ಮಂಜಾದಾಗ, ತಮ್ಮಲ್ಲಿ ಕೆಲಸ ಕಲಿತ ದ್ರಾಕ್ಷಾಯಣಿಯ ಕೊರಳಿಗೆ ನನ್ನನ್ನು ಹಾಕಿ, "ಇನ್ನ ಅಂಗಡಿ ಹಾಕವಾ, ನಿನ್ನ ಕೈ ಕೂತೈತಿ," ಎಂದರು. ಗಂಡ ತೀರಿಕೊಂಡ ಅವಳಿಗೆ ಹೊಲಿಗೆಯೇ ಅನ್ನ. ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು.

ಓಣಿಯ ಹೆಂಗಸರೆಲ್ಲ ಅವಳ ಮುಂದೆ ಕೈ ಎತ್ತಿ ನಿಲ್ಲುತ್ತಿದ್ದರು. ನಾನು ಎದೆ, ಸೊಂಟ ಸುತ್ತಿ ಬರುವಷ್ಟರಲ್ಲಿ ಅತ್ತೆಯ ಕಾಟ, ಗಂಡನ ಕುಡಿತ ಎಲ್ಲ ಹೊರಬೀಳುತ್ತಿತ್ತು. ಎದುರು ಮನೆಯ ಸಾವಕ್ಕನಂತೂ ದಿನಕ್ಕೊಮ್ಮೆ ಬಂದು, ಚಹಾ ಕುಡಿದು, ಹೊಗಳಿಕೆಯ ಮಳೆ ಸುರಿಸಿ ಹೋಗುತ್ತಿದ್ದಳು.

ಒಂದು ದಿನ ದ್ರಾಕ್ಷಾಯಣಿಯ ಎಡ ಮೊಳಕೈ ಕೆಳಗೆ ಬಿಳಿಚಿದ ಮಚ್ಚೆಯೊಂದು ಕಂಡಿತು. ತುರಿಸಲಿಲ್ಲ, ನೋಯಲಿಲ್ಲ. ನನ್ನನ್ನು ಇಟ್ಟು ಅಳೆದಳು: ಒಂದು ಇಂಚು. ಎರಡು ತಿಂಗಳಿಗೆ ಒಂದೂವರೆ. ಒಂದು ಮಧ್ಯಾಹ್ನ ಸೂಜಿ ಅವಳ ಎಡಗೈಯ ಕಿರುಬೆರಳಿಗೆ ಹೊಕ್ಕಿತು. ಅವಳು ಹೊಲಿಯುತ್ತಲೇ ಇದ್ದಳು. ಬಟ್ಟೆಯ ಮೇಲೆ ರಕ್ತ ಕಂಡಾಗಲೇ ಅವಳಿಗೆ ಗೊತ್ತಾದದ್ದು.

ಮರುವಾರ ಆಶಾ ಕಾರ್ಯಕರ್ತೆ ಮಲ್ಲಮ್ಮ ಮನೆಮನೆ ಸರ್ವೆ ಮಾಡುತ್ತ ಬಂದಳು. "ಅಕ್ಕಾರ, ಮೈಮ್ಯಾಲೆ ಜೋಮು ಹಿಡಿದ ಮಚ್ಚಿ ಏನರ ಐತೇನ್ರಿ?"

ದ್ರಾಕ್ಷಾಯಣಿ ಸೆರಗನ್ನು ಕೈಮೇಲೆ ಎಳೆದುಕೊಂಡಳು. "ಏನೂ ಇಲ್ಲವಾ."

ಬಾಯಿದ್ದಿದ್ದರೆ ನಾನು ಕೂಗುತ್ತಿದ್ದೆ. ಆದರೆ ಅವಳನ್ನು ಹೇಗೆ ಬೈಯಲಿ? ಹಿಂದಿನ ಓಣಿಯ ಕೊಟ್ರವ್ವನಿಗೆ ಇದೇ ಕುಷ್ಠ ಬಂದಾಗ, ದನದ ಕೊಟ್ಟಿಗೆಯಲ್ಲಿ ಕೂರಿಸಿ, ಊಟದ ತಟ್ಟೆಯನ್ನು ಕೋಲಿನಿಂದ ನೂಕುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೆತ್ತ ಮಕ್ಕಳೇ ನೂಕುತ್ತಿದ್ದರು. ರೋಗದ ಹೆಸರನ್ನು ಕೂಡ ಯಾರೂ ಹೇಳುತ್ತಿರಲಿಲ್ಲ, "ದೊಡ್ಡ ರೋಗ" ಎಂದು ಪಿಸುಗುಡುತ್ತಿದ್ದರು.

ಅದಕ್ಕೇ ಒಂದು ವರ್ಷ ಮುಚ್ಚಿಟ್ಟಳು. ತನಗೆ ಉದ್ದ ತೋಳಿನ ರವಿಕೆ ಹೊಲಿದುಕೊಂಡಳು. ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಬಾಗಿ ಬಟ್ಟೆ ಹಿಡಿಯದಾದಾಗ ತಾನೇ ಮಲ್ಲಮ್ಮನ ಮನೆಗೆ ಹೋದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದೇ ಮಾತಾಡಿದರು. "ವರ್ಷಪೂರ್ತಿ ಮಾತ್ರೆ ತಗೊಂಡ್ರೆ ರೋಗ ಹೋಗುತ್ತೆ. ಮಾತ್ರೆ ಶುರುವಾದ ಮೇಲೆ ಯಾರಿಗೂ ಹರಡಲ್ಲ. ಮೊದಲೇ ಬಂದಿದ್ರೆ ಬೆರಳೂ ನೆಟ್ಟಗೇ ಇರ್ತಿತ್ತಮ್ಮ."

ಅವಳು ಮೂರು ಬೆರಳಲ್ಲಿ ಬಟ್ಟೆ ಹಿಡಿಯುವುದನ್ನು ಕಲಿತಳು. ಹೊಲಿಗೆ ಒಂದೆಳೆಯೂ ಕೆಡಲಿಲ್ಲ, ಇದಕ್ಕೆ ನಾನೇ ಸಾಕ್ಷಿ.

ಒಂದು ದಿನ ಸಾವಕ್ಕ ನೂಲು ಹುಡುಕುತ್ತ ಮಷಿನ್ನಿನ ಡ್ರಾ ಎಳೆದಳು. ಮಾತ್ರೆಯ ಪಟ್ಟಿ ಕೈಗೆ ಬಂತು, ಕಣ್ಣು ದ್ರಾಕ್ಷಾಯಣಿಯ ಬಾಗಿದ ಬೆರಳಿಗೆ ಹೋಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಸಂಜೆಯೊಳಗೆ ಓಣಿಗೆಲ್ಲ ಡಂಗುರ.

ಅಂದಿನಿಂದ ಯಾರೂ ಅವಳ ಮುಂದೆ ನಿಲ್ಲಲಿಲ್ಲ. ಹಾಗೆಂದು ಅವಳಷ್ಟು ಚೆನ್ನಾಗಿ ಹೊಲಿಯುವವರು ಬೇರೆ ಯಾರಿದ್ದಾರೆ? ಜಾಣೆಯರು ಉಪಾಯ ಕಂಡುಕೊಂಡರು. ಹೊಸ ಬಟ್ಟೆಯ ಜೊತೆ ಹಳೆಯದೊಂದು ಅಳತೆ ರವಿಕೆ ಚೀಲಕ್ಕೆ ಹಾಕಿ, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗುವುದು. ಅಳತೆ ರವಿಕೆ ಕೊಡುವುದು ಎಲ್ಲ ಕಡೆಯೂ ಇದೆ, ಅವಸರದವರು ಕೊಡುತ್ತಾರೆ. ಇವರಿಗೆ ಅವಸರವೇನೂ ಇರಲಿಲ್ಲ. ಅವಳ ಹೊಲಿಗೆ ಬೇಕು, ಅವಳ ಕೈ ಬೇಡ. ಥೂ, ನಾಚಿಕೆಗೆಟ್ಟವರು!

ಸಾವಕ್ಕನ ಮಗಳು ಚೇತನಾಳ ಮದುವೆ ಬಂತು. ಚೀಲದಲ್ಲಿ ಬಂದದ್ದು ಹುಡುಗಿ ಕಾಲೇಜಿಗೆ ಹೋಗುವಾಗಿನ ರವಿಕೆ. ಒಮ್ಮೆ ಹುಡುಗಿಯನ್ನು ಕಳಿಸಿ ಎಂದು ದ್ರಾಕ್ಷಾಯಣಿ ಮಲ್ಲಮ್ಮನ ಕೈಲಿ ಹೇಳಿಕಳಿಸಿದಳು. "ಅದರ ಅಳತಿಗೇ ಹೊಲಿ ಅನ್ನು," ಎಂದು ಉತ್ತರ ಬಂತು. ಅದೇ ಅಳತೆಗೆ ಹೊಲಿದಳು. ಮಾಲೆ ಹಾಕಲು ಮದುಮಗಳು ಕೈ ಎತ್ತಿದಾಗ ಕಂಕುಳಲ್ಲಿ ಪರ್ರೆಂದು ಹರಿಯಿತು. ಬೀಗರ ಮುಂದೆ ಸಾವಕ್ಕ ಹೇಳಿದಳಂತೆ: "ಬೆರಳು ಹೋದಾಕಿ ಹೊಲಿಗಿ ಎಲ್ಲಿಂದ ನೆಟ್ಟಗಾಗತೈತ್ರಿ?"

ಆಮೇಲೆ ಚೀಲಗಳೂ ನಿಂತವು. ಮಷಿನ್ನಿನ ಮೇಲೆ ದೂಳು ಕೂತಿತು. ದ್ರಾಕ್ಷಾಯಣಿ ಮಾತ್ರೆ ಬಿಟ್ಟಳು. ಹದಿನೈದು ದಿನ ಮುಟ್ಟಲಿಲ್ಲ. ಮಲ್ಲಮ್ಮ ಬಂದು ಬೈದಾಗ, "ಗುಣ ಆಗಿ ಯಾರಿಗೆ ಹೊಲೀಲಿ?" ಎಂದಳು.

ಮಲ್ಲಮ್ಮ ಹೋಗಿ ಒಂದು ರವಿಕೆ ಬಟ್ಟೆ ತಂದಳು. ಕೋಣೆಯ ನಡುವೆ ಕೈ ಎತ್ತಿ ನಿಂತಳು. "ನನಗ ಹೊಲೀರಿ. ತಗೋರಿ ಅಳತಿ, ಆ ಎಡಗೈಲೇ ಹಿಡೀರಿ."

ಎಷ್ಟೋ ತಿಂಗಳ ಮೇಲೆ ನಾನು ಬಿಸಿ ಮೈಯೊಂದನ್ನು ಸುತ್ತಿದೆ. ದ್ರಾಕ್ಷಾಯಣಿಗೆ ಅಂಕಿ ಕಾಣಲಿಲ್ಲ, ಕಣ್ಣು ತುಂಬಿತ್ತು. ಅಂದೇ ಮಾತ್ರೆ ನುಂಗಿದಳು. ಮುಂದೆ ಒಂದನ್ನೂ ತಪ್ಪಿಸಲಿಲ್ಲ. ರೋಗ ಗುಣವಾಗಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಬಾಗಿದ ಬೆರಳು ಬಾಗಿದಂತೆಯೇ ಉಳಿದವು. ಈಗ ಪೇಟೆಯ ಅಂಗಡಿಯೊಂದಕ್ಕೆ ಶಾಲೆಯ ಬ್ಯಾಗು ಹೊಲಿಯುತ್ತಾಳೆ. ಬ್ಯಾಗು ಯಾರು ಹೊಲಿದದ್ದೆಂದು ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಸಾವಕ್ಕ ಬಂದಳು. ಚೇತನಾಳಿಗೆ ಏಳು ತಿಂಗಳು, ಕುಬಸದ ಕಾರ್ಯ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹೊಸ ರವಿಕೆ ತೊಡಿಸಬೇಕು. ಹೊಸ್ತಿಲ ಹೊರಗೇ ನಿಂತು ಚೀಲ ಚಾಚಿದಳು. ಒಳಗೆ ಮತ್ತೆ ಹಳೆಯ ರವಿಕೆ!

"ಬಸುರಿ ಮೈಗೆ ಹಳೇ ರವಿಕಿ ಅಳತಿ ಕೊಡ್ತೀರೇನ್ರಿ, ಸಾವಕ್ಕ?" ದ್ರಾಕ್ಷಾಯಣಿ ಆ ರವಿಕೆಯನ್ನು ಎತ್ತಿ ಹಿಡಿದಳು. "ಮಗಳನ್ನ ಕರಕೊಂಡ ಬರ್ರಿ. ನನ್ನ ಮುಂದ ನಿಂತ್ರ ಹೊಲೀತೀನಿ."

"ನಿನಗ ಗುಣ ಆಗೇತಿ ಅಂತ ನನಗೂ ಗೊತ್ತವಾ. ಆದ್ರೂ ಮಂದಿ ಏನಂತಾರ..."

"ಯಾವ ಮಂದಿ? ನೀವ ಅಲ್ಲೇನು ಆ ಮಂದಿ?"

ಚೀಲವನ್ನು ಅವಳ ಕೈಗೇ ತಿರುಗಿ ಕೊಟ್ಟಳು.

ನನಗೀಗ ವಯಸ್ಸಾಗಿದೆ. ಮೈ ಜಗ್ಗಿ ಕಾಲು ಇಂಚು ಸುಳ್ಳು ಹೇಳುತ್ತೇನೆ. ಬ್ಯಾಗಿನ ಕೆಲಸಕ್ಕೆ ಹೊಸ ಟೇಪು ಬಂದಿದೆ, ನಾನು ಬಾಗಿಲ ಪಕ್ಕದ ಮೊಳೆಯ ಮೇಲೆ ನೇತಾಡುತ್ತೇನೆ. ರೋಗವನ್ನು ಮಾತ್ರೆ ಒಂದು ವರ್ಷದಲ್ಲಿ ಕೊಂದಿತು. ಅವಳ ಬೆರಳು ಬಾಗಿದ್ದು ಅದಕ್ಕೂ ಹಿಂದಿನ ವರ್ಷ, ಅವಳು ಹೆದರಿ ಬಚ್ಚಿಟ್ಟುಕೊಂಡ ವರ್ಷ. ಆ ಹೆದರಿಕೆ ಹಾಕಿದವರು ಯಾರೆಂದು ನನಗೆ ಗೊತ್ತು, ಒಬ್ಬೊಬ್ಬರನ್ನೂ ಅಳೆದವನು ನಾನು. ಅವರನ್ನು ಕ್ಷಮಿಸಲಾರೆ.

ದ್ರಾಕ್ಷಾಯಣಿ ನನ್ನಂತಲ್ಲ. ಕುಬಸದ ದಿನ ಬೆಳಗಿನಿಂದ ಬಾಗಿಲು ತೆರೆದಿಟ್ಟು, ಮಷಿನ್ನಿಗೆ ಹಸಿರು ನೂಲು ಪೋಣಿಸಿ ಕೂತಿದ್ದಳು. ಎದುರು ಮನೆಯಲ್ಲಿ ಸೋಬಾನೆ ಪದ ಶುರುವಾಯಿತು. ಎಂಟು ಹೆಜ್ಜೆಯ ಓಣಿ ದಾಟಿ ಯಾರೂ ಬರಲಿಲ್ಲ.