ಮಾಲಾ ಕೊಡದ ನಗು

ಸತ್ಯಮೂರ್ತಿಯವರು ಹಿಂದೆಂದೋ ಒಂದು ಧಾರಾವಾಹಿಗೆ ಸಹಾಯಕ ನಿರ್ದೇಶಕರಾಗಿದ್ದರು. ಧಾರಾವಾಹಿ ಅರ್ಧಕ್ಕೇ ನಿಂತುಹೋಗಿತ್ತು. ಅದರ ಬಗ್ಗೆ ಅವರ ಮಾತು ಮಾತ್ರ ಇನ್ನೂ ನಿಂತಿರಲಿಲ್ಲ. ಚಿಕ್ಕಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಈಗ ಪತ್ರಿಕೋದ್ಯಮದ ಮಕ್ಕಳಿಗೆ ಸಿನಿಮಾ ಪಾಠ ಹೇಳುತ್ತಿದ್ದರು. ಒಂದೇ ಮುಖದ ಪಕ್ಕ ಬೇರೆ ಬೇರೆ ಚಿತ್ರ ಜೋಡಿಸಿದರೆ ಆ ಮುಖದಲ್ಲೇ ಬೇರೆ ಬೇರೆ ಭಾವ ಕಾಣುತ್ತದೆ ಎನ್ನುವುದು ಆ ವಾರದ ಪಾಠ. ಉದಾಹರಣೆಗೆಂದು ತಮ್ಮ ಮುಖವನ್ನೇ ಚಿತ್ರೀಕರಿಸಿ ತಂದಿದ್ದರು. ಅದರ ಮುಂದೆ ಒಮ್ಮೆ ಮಸಾಲೆ ದೋಸೆ, ಒಮ್ಮೆ ಹೊರಟುಹೋಗುತ್ತಿರುವ ಬಸ್ಸು, ಒಮ್ಮೆ ಹಾರ ಹಾಕಿದ ಫೋಟೋ.

"ಈಗ ಏನು ಕಾಣ್ತಿದೆ?" ಎಂದು ಕೇಳಿದರು.

ಯಾಮಿನಿಗೆ ಮೂರರಲ್ಲೂ ಅವರು ಹಾಜರಿ ಕೂಗುವಾಗಿನ ಮುಖವೇ ಕಾಣುತ್ತಿತ್ತು. ಮುಂದಿನ ಬೆಂಚಿನ ಕೇಶವ್ ಎದ್ದು, "ಮೊದಲನೇದ್ರಲ್ಲಿ ಹಸಿವು, ಎರಡನೇದ್ರಲ್ಲಿ ವಿರಹ, ಮೂರನೇದ್ರಲ್ಲಿ ಶೂನ್ಯ, ಸರ್" ಎಂದ. ಮೇಷ್ಟರಿಗೆ ಯಾವ ಉತ್ತರ ಬೇಕೋ ಅದು ಕೇಶವ್‌ಗೆ ಅವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಸತ್ಯಮೂರ್ತಿ ತೃಪ್ತರಾಗಿ ಎಲ್ಲರಿಗೂ ಕೆಲಸ ಹಚ್ಚಿದರು. ಎರಡು ನಿಮಿಷದ ಒಂದು ದೃಶ್ಯ, ಒಬ್ಬರು ಕಾಯುತ್ತಿರುತ್ತಾರೆ, ಇನ್ನೊಬ್ಬರು ಬರುತ್ತಾರೆ, ಮಾತಿರಬಾರದು. ತೆಗೆದಾದ ಮೇಲೆ ಒಬ್ಬರ ಚಿತ್ರವನ್ನು ಇನ್ನೊಬ್ಬರು ತರಗತಿಯಲ್ಲಿ ಶಾಟ್ ಶಾಟ್ ಬಿಡಿಸಿ ವಿಶ್ಲೇಷಿಸಬೇಕು.

ಯಾಮಿನಿ ಜಂಗಮಕೋಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಕಾಯುವವರನ್ನು ಹುಡುಕಿಕೊಂಡು ಅವಳು ದೂರ ಹೋಗಬೇಕಾಗಿರಲಿಲ್ಲ. ಮನೆಯಲ್ಲೇ ಅತ್ತಿಗೆ ಮಾಲಾ ಇದ್ದಳು, ಬರುವುದಕ್ಕೆ ಅಣ್ಣ ನರೇಂದ್ರ ಇದ್ದ.

ಆದರೆ ಅತ್ತಿಗೆ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಮಾಲಾ ಚಿಂತಾಮಣಿಯ ಹುಡುಗಿ, ಮದುವೆಯಾಗಿ ಬಂದ ಮೇಲೂ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ದಸರಾ ರಜೆಯಲ್ಲಿ ನರೇಂದ್ರ ಮುಖ್ಯೋಪಾಧ್ಯಾಯರಿಗೆ ತಾನೇ ಫೋನ್ ಮಾಡಿ, "ಇನ್ಮೇಲೆ ಅವಳು ಬರಲ್ಲ, ಮನೇಲಿ ರೇಷ್ಮೆ ಹುಳು ಮೇಯಿಸೋಕೆ ಕೈ ಸಾಲ್ತಿಲ್ಲ" ಎಂದು ಹೇಳಿಬಿಟ್ಟಿದ್ದ. ರಜೆ ಮುಗಿಸಿ ಶಾಲೆಗೆ ಹೋದ ಮಾಲಾ, ವೇಳಾಪಟ್ಟಿಯಲ್ಲಿ ತನ್ನ ಪಿರಿಯಡ್‌ಗಳೆಲ್ಲ ಬೇರೆಯವರ ಪಾಲಾಗಿರುವುದನ್ನು ನೋಡಿ ಅದೇ ಬಸ್ಸಿಗೆ ವಾಪಸ್ ಬಂದಳು. ಅಂದಿನಿಂದ ಅಡುಗೆ ಮಾಡಿದಳು, ಬಡಿಸಿದಳು, ಹುಳುಗಳಿಗೆ ಸೊಪ್ಪು ಹಾಕಿದಳು; ಗಂಡನ ಜೊತೆ ಒಂದು ಮಾತೂ ಆಡಲಿಲ್ಲ.

ನರೇಂದ್ರನಿಗೆ ಇದು ಗೊತ್ತೇ ಆಗಿರಲಿಲ್ಲ. ಹನಿ ನೀರಾವರಿ ಪೈಪು ಮಾರುವ ತನ್ನ ಅಂಗಡಿಯಲ್ಲಿ ಕೂತು ಅವನು ಬಂದವರಿಗೆಲ್ಲ, "ಕೆಲಸ ಬಿಟ್ಟ ಮೇಲೆ ನಮ್ಮ ಮನೆಯವಳು ಎಷ್ಟು ಸಮಾಧಾನ ಆಗಿದ್ದಾಳೆ ಅಂದ್ರೆ, ಎದುರುತ್ತರ ಅನ್ನೋದೇ ಇಲ್ಲ" ಎಂದು ಹೇಳುತ್ತಿದ್ದ.

ಯಾಮಿನಿಗೆ ಎಲ್ಲವೂ ಗೊತ್ತಿತ್ತು. ಗಂಡ ಹೆಂಡಿರ ವಿಷಯ ತನಗೇಕೆ ಎಂದುಕೊಂಡಿದ್ದಳು. ಹುಳುಮನೆಯಲ್ಲಿ ಸೊಪ್ಪು ಹರಡುತ್ತಿದ್ದ ಅತ್ತಿಗೆಯ ಬಳಿ ಹೋಗಿ ಚಿತ್ರದ ವಿಷಯ ಹೇಳಿದಳು.

ಮಾಲಾ ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಆಯ್ತು, ನಿಂತ್ಕೋತೀನಿ. ಈ ಮನೇಲಿ ನನ್ನ ಒಂದು ಮಾತು ಕೇಳಿ ಮಾಡ್ತಿರೋಳು ನೀನೊಬ್ಬಳೇ. ಆದ್ರೆ ಅವರನ್ನ ನೋಡಿ ನಗು ಗಿಗು ಅಂತ ಮಾತ್ರ ಕೇಳ್ಬೇಡ ಕಣೇ."

"ಕೇಳಲ್ಲ ಅತ್ಗೆ" ಎಂದಳು ಯಾಮಿನಿ.

ಭಾನುವಾರ ಚಿತ್ರೀಕರಣ. ನರೇಂದ್ರ ಬಿಳಿ ಅಂಗಿ, ಕಪ್ಪು ಕನ್ನಡಕ, ಹೊಸ ಶೂ ಹಾಕಿಕೊಂಡು ಸಿದ್ಧನಾದ. ತಂಗಿಗೆ ನಿರ್ದೇಶನ ಕಲಿಸುವ ಜವಾಬ್ದಾರಿಯನ್ನೂ ಅವನೇ ಹೊತ್ತುಕೊಂಡ. "ಮೊದ್ಲು ಬುಲೆಟ್ ಚಕ್ರ ತೋರಿಸು. ಆಮೇಲೆ ಶೂ. ಆಮೇಲೆ ಕೆಳಗಿಂದ ನಿಧಾನಕ್ಕೆ ಮುಖ. ನಾನು ಕನ್ನಡಕ ತೆಗೀತೀನಿ, ಅವಳು ಓಡಿ ಬರ್ಲಿ."

"ಓಡಿ ಬರೋದೆಲ್ಲ ಇಲ್ಲ, ಅಣ್ಣ. ಬಾಗಿಲಲ್ಲಿ ನಿಂತಿರ್ತಾರೆ ಅಷ್ಟೇ."

ತಾಯಿ ಆದಿಲಕ್ಷ್ಮಮ್ಮ ಕುರ್ಚಿ ಹಾಕಿಕೊಂಡು ನೋಡುತ್ತ ಕೂತರು. ಅವರ ಚಿಂತೆ ಒಂದೇ: "ಬಾಗಿಲು ಪೂರ್ತಿ ತೆಗೆದಿಡಮ್ಮ, ಒಳಗಡೆ ಫ್ರಿಡ್ಜು ಕಾಣ್ಲಿ."

ನರೇಂದ್ರ ಅಂಗಳಕ್ಕೆ ಬಂದ, ಇಳಿದ, ಕನ್ನಡಕ ತೆಗೆದ. ಮಾಲಾ ಬಾಗಿಲಲ್ಲಿ ನಿಂತು, ಹಾಲಿನವನ ಬೈಕನ್ನು ನೋಡುವಷ್ಟೇ ಆಸಕ್ತಿಯಿಂದ ನೋಡಿದಳು. ಸರಿಹೋಗಲಿಲ್ಲವೆಂದು ಮತ್ತೆ ಬಂದ. ಹೊಟ್ಟೆ ಕಾಣುತ್ತಿದೆಯೇ ಎಂದು ತಾಯಿಯನ್ನು ಕೇಳಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ಬಂದ. ಕನ್ನಡಕ ಕಿವಿಗೆ ಸಿಕ್ಕಿಕೊಂಡಿತು. ಕೂದಲು ಬಾಚಿಕೊಂಡು ಮತ್ತೆ ಬಂದ. ಅವನು ಬಂದಷ್ಟು ಸಲವೂ ಮಾಲಾಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸ್ವಲ್ಪ ನಗು ಬರ್ಲಿ ಅನ್ನೇ ಅವಳಿಗೆ" ಎಂದು ನರೇಂದ್ರ ತಂಗಿಗೆ ಹೇಳಿದ. "ಗಂಡ ಬಂದಿದ್ದಾನೆ, ಕರೆಂಟ್ ಬಿಲ್ ಬಂದಿಲ್ಲ."

"ಚಾಲಮ್ಮ, ಸಾಕು" ಎಂದು ಮಾಲಾ ತವರಿನ ತೆಲುಗು ಬೆರೆಸಿ, ಯಾಮಿನಿಯನ್ನು ನೋಡಿಯೇ ಹೇಳಿ ಮೆಟ್ಟಿಲ ಮೇಲೆ ಕುಳಿತಳು. ನರೇಂದ್ರ ನೀರು ಕುಡಿಯಲು ಒಳಗೆ ಹೋದ. ಸ್ಟ್ಯಾಂಡಿನ ಮೇಲಿದ್ದ ಫೋನನ್ನು ಯಾಮಿನಿ ನಿಲ್ಲಿಸಿರಲಿಲ್ಲ.

ಆಗ ಪಕ್ಕದ ಮನೆಯ ಆವಲಪ್ಪನ ಮಗಳು ತನುಜ ಸೈಕಲ್ ತಳ್ಳಿಕೊಂಡು ಬೇಲಿಯ ಪಕ್ಕ ಬಂದಳು. ಅವಳು ಮಾಲಾ ಕಲಿಸುತ್ತಿದ್ದ ಶಾಲೆಯಲ್ಲೇ ಓದುತ್ತಿದ್ದಳು. "ಮಿಸ್, ಕಪ್ಪೆ ಹೃದಯಕ್ಕೆ ಮೂರು ಕೋಣೆ ತಾನೆ? ಹೊಸ ಸರ್ ನಾಲ್ಕು ಅಂದ್ರು. ನಾನು ಮೂರು ಅಂದಿದ್ದಕ್ಕೆ ಬೆಂಚ್ ಮೇಲೆ ನಿಲ್ಲಿಸಿದ್ರು."

ಮಾಲಾ ಎದ್ದು ನಿಂತಳು. ಮೊದಲು ಕಣ್ಣು ಅರಳಿತು, ಆಮೇಲೆ ಇಡೀ ಮುಖ. ಹಲವು ತಿಂಗಳಿಂದ ಆ ಮನೆಯಲ್ಲಿ ಯಾರೂ ಕಾಣದ ನಗು ಅದು. "ಮೂರೇ ಕಣಮ್ಮ. ನಾಳೆನೂ ಮೂರು ಅಂತಲೇ ಹೇಳು."

ಮನೆಯಲ್ಲಿ ಕೂತು ಚಿತ್ರ ಜೋಡಿಸುವಾಗ ಯಾಮಿನಿ ಅತ್ತಿಗೆಯ ಕಲ್ಲುಮುಖವನ್ನು ಎಲ್ಲೆಲ್ಲಿಟ್ಟರೂ ದೃಶ್ಯ ನಿಲ್ಲಲಿಲ್ಲ. ಕೊನೆಗೆ ಆ ನಗುವನ್ನು ಕತ್ತರಿಸಿ ತಂದು, ಅಣ್ಣ ಕನ್ನಡಕ ತೆಗೆದ ಶಾಟಿನ ಹಿಂದೆಯೇ ಅಂಟಿಸಿದಳು. ತನುಜಳ ದನಿ ತೆಗೆದು ಕೊಳಲು ಹಾಕಿದಳು. ಅತ್ತಿಗೆಗೆ ಕೊಟ್ಟ ಮಾತು ನೆನಪಾಗಲಿಲ್ಲವೆಂದಲ್ಲ. ಕೇಳಲ್ಲ ಎಂದಿದ್ದೆ, ಕೇಳಿಲ್ಲವಲ್ಲ ಎಂದು ತನಗೇ ಒಂದು ಸಮಜಾಯಿಷಿ ಹೇಳಿಕೊಂಡಳು.

ತರಗತಿಯಲ್ಲಿ ಅವಳ ಚಿತ್ರ ವಿಶ್ಲೇಷಣೆಗೆ ಕೇಶವ್ ಪಾಲಿಗೆ ಬಂತು. ಅವನು ಆ ನಗುವಿನ ಮೇಲೆ ಚಿತ್ರ ನಿಲ್ಲಿಸಿ ಶುರುಮಾಡಿದ. "ಇಲ್ಲಿ ಮೊದಲು ಕಣ್ಣು ನಗುತ್ತೆ, ಆಮೇಲೆ ತುಟಿ. ಈ ವಿಳಂಬದಲ್ಲಿ ಇಡೀ ದಾಂಪತ್ಯ ಇದೆ, ಸರ್. ಆಕೆಯ ಜಗತ್ತೇ ಆ ಬಾಗಿಲಿಗೆ ಬಂದು ನಿಂತಿದೆ."

"ನಟನೆಯಿಂದ ಬರೋ ನಗು ಅಲ್ಲ ಇದು" ಎಂದು ಸತ್ಯಮೂರ್ತಿ ಕನ್ನಡಕ ಒರೆಸಿಕೊಂಡರು. "ಪ್ರೀತಿ ಇದ್ದಲ್ಲಿ ಮಾತ್ರ ಕ್ಯಾಮೆರಾಗೆ ಸಿಗುತ್ತೆ."

ಅಂಟಿಸುವ ವಿದ್ಯೆ ಕಲಿಸಿದ ಮನುಷ್ಯನೇ ಅಂಟಿಗೆ ಸಿಕ್ಕಿಬಿದ್ದಿದ್ದ. ಯಾಮಿನಿ ಒಳಗೊಳಗೇ ನಕ್ಕಳು. ಆ ದಿನ ಬಸ್ಸಿನಲ್ಲಿ ಕೂತಾಗ ಇಡೀ ಜಿಲ್ಲೆಯಲ್ಲಿ ತನ್ನಷ್ಟು ಜಾಣೆ ಇಲ್ಲವೆನಿಸಿತ್ತು. ಮನೆಗೆ ಬಂದವಳೇ ಚಿತ್ರವನ್ನು ಅಣ್ಣನಿಗೆ ಕಳಿಸಿದಳು.

ನರೇಂದ್ರ ಅದನ್ನು ಸ್ಟೇಟಸ್‌ಗೆ ಹಾಕಿದ, ನೆಂಟರ ಗುಂಪಿಗೆ ಹಾಕಿದ, ಅಂಗಡಿಗೆ ಪೈಪು ಕೇಳಲು ಬಂದವರಿಗೂ ತೋರಿಸಿದ. ಮಾರನೆಯ ದಿನ ಮಾಲಾ ಫೋನ್ ಹಿಡಿದುಕೊಂಡು ಯಾಮಿನಿಯ ಕೋಣೆಗೆ ಬಂದಳು. ಬಾಗಿಲು ಹಾಕಿದಳು.

"ಈ ಭಾನುವಾರ ನಮ್ಮಪ್ಪ ಬರೋರಿದ್ರು" ಎಂದಳು. ಅವಳ ತಂದೆ ಮುನಿವೆಂಕಟಪ್ಪ ಚಿಂತಾಮಣಿಯಲ್ಲಿ ತರಕಾರಿ ಮಂಡಿ ಇಟ್ಟುಕೊಂಡಿದ್ದವರು. "ನನ್ನ ಕೆಲಸದ ವಿಷಯ ನಿಮ್ಮಣ್ಣನ ಹತ್ರ ಕೂತು ಮಾತಾಡ್ಬೇಕು ಅಂತ ನಾನೇ ಕರೆದಿದ್ದೆ. ಈಗ ಫೋನ್ ಮಾಡಿದ್ರು. ಬರಲ್ವಂತೆ. ಇಷ್ಟು ಚೆನ್ನಾಗಿ ನಗ್ತಾ ಇದ್ದೀಯಲ್ಲಮ್ಮ, ಸುಮ್ಸುಮ್ನೆ ಯಾಕೆ ದೂರು ಹೇಳ್ತೀಯ, ಅಂದ್ರು."

"ಅದು ಸಿನಿಮಾ ಅಷ್ಟೇ ಅತ್ಗೆ. ಎಲ್ರೂ ಹಾಗೇ ಮಾಡ್ತಾರೆ."

"ಸಿನಿಮಾ ನಿಂದು. ಮುಖ ನಂದು. ಆ ನಗು ತನುಜಂಗೆ ನಕ್ಕಿದ್ದು. ಕಪ್ಪೆ ಹೃದಯದ ಮಾತಿಗೆ ನಕ್ಕಿದ್ದನ್ನ ತೆಗೆದು ನಿಮ್ಮಣ್ಣಂಗೆ ಕೊಟ್ಟಿದ್ದೀಯ. ಕಪ್ಪೆಗಾದ್ರೂ ಮೂರು ಕೋಣೆ ಇರೋ ಹೃದಯ ಇದೆ." ಮಾಲಾ ದನಿ ಏರಿಸಲಿಲ್ಲ. "ಅವರು ನನ್ನ ಕೇಳದೆ ಫೋನ್ ಮಾಡಿದ್ರು. ನೀನು ಕೇಳಿ, ಮಾತು ಕೊಟ್ಟು, ಆಮೇಲೆ ಮಾಡ್ದೆ. ಓದಿರೋಳಲ್ವಾ, ಅಚ್ಚುಕಟ್ಟಾಗಿ ಮಾಡಿದ್ದೀಯ."

ಯಾಮಿನಿಗೆ ಅಳು ಬಂತು. ಮಾಲಾ ಅದಕ್ಕೆ ಬೆಲೆ ಕೊಡಲಿಲ್ಲ. "ಅಳೋದನ್ನ ಆಮೇಲೆ ಮುಗಿಸ್ಕೊ. ತೆಗೆದಿರೋದನ್ನೆಲ್ಲ ತೋರಿಸು."

ಇಬ್ಬರೂ ಮಂಚದ ಮೇಲೆ ಕೂತು ಮೊದಲಿನಿಂದ ನೋಡಿದರು. ನರೇಂದ್ರ ಬಂದ, ಕನ್ನಡಕ ತೆಗೆದ. ಬಂದ, ಹೊಟ್ಟೆ ಎಳೆದುಕೊಂಡ. ಬಂದ, ಕಿವಿಗೆ ಸಿಕ್ಕ ಕನ್ನಡಕ ಬಿಡಿಸಿಕೊಂಡ. ಮಾಲಾ ಮೇಷ್ಟರಂತೆ ಒಂದೊಂದೇ ಶಾಟ್ ಆರಿಸಿದಳು. "ಇದು ಬೇಕು. ಇದರ ಮುಂದೆ ನನ್ನ ಮುಖ ಹಾಕು, ಆ ಸುಮ್ನಿರೋದು. ಮತ್ತೆ ಅವರು. ಮತ್ತೆ ನನ್ನ ಮುಖ. ಕೊಳಲು ತೆಗಿ, ಬುಲೆಟ್ ಸದ್ದು ಇರ್ಲಿ."

"ಕೊನೆಗೆ?"

"ಕೊನೆಗೆ ತನುಜ. ಅವಳ ಮಾತು ಪೂರ್ತಿ ಕೇಳ್ಸಬೇಕು."

ಹೊಸ ಚಿತ್ರದಲ್ಲಿ ಒಬ್ಬ ಗಂಡಸು ತನ್ನ ಮನೆಯ ಅಂಗಳಕ್ಕೆ ಮತ್ತೆ ಮತ್ತೆ ಬರುತ್ತಾನೆ, ಪ್ರತಿ ಸಲವೂ ಇನ್ನಷ್ಟು ಸಿಂಗರಿಸಿಕೊಂಡು ಬರುತ್ತಾನೆ, ಹೆಂಗಸು ಮಿಸುಕುವುದಿಲ್ಲ. ಆಮೇಲೆ ಒಂದು ಹುಡುಗಿ ಸೈಕಲ್ ತಳ್ಳಿಕೊಂಡು ಬಂದು ಕಪ್ಪೆಯ ಮಾತು ಕೇಳುತ್ತಾಳೆ, ಹೆಂಗಸು ನಗುತ್ತಾಳೆ. ಅಷ್ಟೇ. ಮಾಲಾ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿದಳು, ಅದೇ ನೆಂಟರ ಗುಂಪಿಗೂ ಕಳಿಸಿದಳು. ಒಂದಕ್ಷರ ಬರೆಯಲಿಲ್ಲ.

ಸಂಜೆ ನರೇಂದ್ರ ಅಂಗಡಿಯಿಂದ ಬೇಗ ಬಂದ. ಕನ್ನಡಕ ಇರಲಿಲ್ಲ. "ಏನೇ ಇದು? ಚಿಂತಾಮಣಿವರೆಗೂ ಜನ ನಗ್ತಿದ್ದಾರೆ."

"ನಗು ಬೇಕು ಅಂದಿದ್ದು ನೀವೇ ತಾನೆ?" ಎಂದಳು ಮಾಲಾ.

ನರೇಂದ್ರ ಅವಳನ್ನೇ ನೋಡಿದ. ಅವಳ ದನಿ ಕೇಳಿ ಎಷ್ಟು ದಿನವಾಯಿತು ಎನ್ನುವುದು ಅವನಿಗೆ ಆಗಲೇ ಹೊಳೆದಿರಬೇಕು. "ಮಾತಾಡದೆ ಇದ್ದಿದ್ದು ಅದಕ್ಕಾ? ನಾನು ಸಮಾಧಾನ ಆಗಿದ್ದೀಯ ಅಂದ್ಕೊಂಡಿದ್ದೆ."

"ಗೊತ್ತು. ಊರಿಗೆಲ್ಲ ಹೇಳ್ಕೊಂಡಿದ್ದೀರಂತೆ. ನಾಳೆ ಶಾಲೆಗೆ ಫೋನ್ ಮಾಡಿ, ಅವತ್ತು ಹೇಳಿದ್ದು ನನ್ನ ಮಾತಲ್ಲ, ನಿಮ್ಮ ಮಾತು ಅಂತ ಹೇಳಿ. ನಾನು ಎದುರಿಗೇ ಕೂತಿರ್ತೀನಿ."

"ಹುಳ ಯಾರು ನೋಡ್ತಾರೆ?"

ಅಡುಗೆಮನೆ ಬಾಗಿಲಲ್ಲಿದ್ದ ಆದಿಲಕ್ಷ್ಮಮ್ಮನ ಕಡೆ ನರೇಂದ್ರ ಸಹಾಯಕ್ಕೆಂದು ತಿರುಗಿದ. ಆಕೆ ಬೇರೆಯದೇ ದುಃಖದಲ್ಲಿದ್ದರು. "ಎರಡನೇ ಸಲವೂ ಫ್ರಿಡ್ಜು ಬಂದಿಲ್ಲ" ಎಂದು ಹೇಳಿ ಒಳಗೆ ಹೋದರು.

ಮಾರನೆಯ ದಿನ ನರೇಂದ್ರ ಫೋನ್ ಮಾಡಿದ. ಮಾಲಾ ಎದುರಿಗೇ ಕೂತಿದ್ದಳು. ಆ ಜಾಗಕ್ಕೆ ಬೇರೆಯವರು ಬಂದಾಗಿದೆ ಎಂದರು ಮುಖ್ಯೋಪಾಧ್ಯಾಯರು. ಹಾಗೆ ಬಂದಿದ್ದವರು ಕಪ್ಪೆಗೆ ನಾಲ್ಕನೇ ಕೋಣೆ ಕಟ್ಟಿಕೊಟ್ಟ ಮೇಷ್ಟ್ರೇ.

ಯಾಮಿನಿ ಹೊಸ ಚಿತ್ರವನ್ನು ಕಾಲೇಜಿಗೂ ಕೊಂಡೊಯ್ದಳು. ಮೊದಲಿನದನ್ನು ತೆಗೆದುಹಾಕಿ ಇದಕ್ಕೇ ಅಂಕ ಕೊಡಿ ಎಂದಳು. ಸತ್ಯಮೂರ್ತಿ ನೋಡಿ ಮುಖ ಸಿಂಡರಿಸಿದರು. "ಒಂದೇ ಕೆಲಸ ಮತ್ತೆ ಮತ್ತೆ ಬರುತ್ತೆ. ನಿರಂತರತೆ ಇಲ್ಲ. ಮಾತಿರಬಾರದು ಅಂದಿದ್ರೂ ಮಾತು ಬೇರೆ ಇದೆ. ಮೊದಲನೇದ್ರಲ್ಲಿ ಸತ್ಯ ಇತ್ತು."

"ಮೊದಲನೇದು ಸುಳ್ಳು, ಸರ್" ಎಂದು ಯಾಮಿನಿ ಎದ್ದು ನಿಂತಳು. ಆ ನಗು ಯಾರಿಗೆ ನಕ್ಕಿದ್ದು, ಎಲ್ಲಿಂದ ಕತ್ತರಿಸಿದ್ದು, ಅದರಿಂದ ಯಾರ ಅಪ್ಪ ಬರುವುದು ತಪ್ಪಿತು ಎನ್ನುವುದನ್ನು ತರಗತಿಯ ಮುಂದೆ ಹೇಳಿದಳು. ಹೇಳುವಾಗ ಅವಳಿಗೆ ಕಿವಿ ಬಿಸಿಯಾಗಿತ್ತು, ಆದರೂ ನಿಲ್ಲಿಸಲಿಲ್ಲ.

ಆಮೇಲೆ ಕೇಶವ್, "ನನ್ನ ವಿಶ್ಲೇಷಣೆಗೆ ಅದರಿಂದ ಬಾಧಕ ಇಲ್ಲ, ಸರ್" ಎಂದ. "ನಾನು ಪರದೆ ಮೇಲೆ ಇದ್ದಿದ್ದನ್ನ ಹೇಳಿದ್ದು."

"ಸರಿಯಾಗಿ ಹೇಳ್ದೆ" ಎಂದರು ಸತ್ಯಮೂರ್ತಿ. ಎರಡನೆಯ ಚಿತ್ರಕ್ಕೆ ಪಾಸಾಗುವಷ್ಟು ಅಂಕ ಕೊಟ್ಟರು. ಯಾಮಿನಿ ಅದನ್ನೇ ಇಟ್ಟುಕೊಂಡಳು.

ಮುನಿವೆಂಕಟಪ್ಪ ಮುಂದಿನ ಭಾನುವಾರ ಒಂದು ಚೀಲ ಟೊಮೆಟೊ ಹಿಡಿದುಕೊಂಡು ಬಂದರು. ಅಳಿಯನ ಜೊತೆ ಹೆಚ್ಚು ಮಾತಾಡಲಿಲ್ಲ; ಮಗಳನ್ನು ಕರೆದುಕೊಂಡು ಹತ್ತಿರದ ವಿಜಯಪುರದ ಇನ್ನೊಂದು ಶಾಲೆಗೆ ಹೋಗಿ ಬಂದರು. ಜೂನ್‌ನಲ್ಲಿ ಶಾಲೆ ತೆರೆದಾಗ ಮಾಲಾ ಅಲ್ಲಿಗೆ ಸೇರಿದಳು. ಹುಳುಮನೆಗೆ ಇಬ್ಬರು ಕೂಲಿಯವರು ಬಂದರು. ಮಾಲಾ ಗಂಡನ ಜೊತೆ ಈಗ ಮಾತಾಡುತ್ತಾಳೆ, ಬೇಕಾದಷ್ಟು. ಯಾಮಿನಿಯ ಜೊತೆಗೂ ಮಾತಾಡುತ್ತಾಳೆ. ಆದರೆ ಫೋನ್ ಕೈಯಲ್ಲಿ ಹಿಡಿದು ಯಾಮಿನಿ ಹತ್ತಿರ ಬಂದರೆ, "ಅದನ್ನ ಆ ಕಡೆ ಇಟ್ಟು ಬಾ" ಎನ್ನುತ್ತಾಳೆ. ಯಾಮಿನಿ ಇಟ್ಟು ಬರುತ್ತಾಳೆ.

ನರೇಂದ್ರ ಅಂಗಡಿಯಲ್ಲಿ, "ಹೆಂಗಸರು ಮನೇಲೇ ಕೂತ್ರೆ ತಲೆ ತುಕ್ಕು ಹಿಡಿಯುತ್ತೆ ಅಂತ ನಾನೇ ಓಡಾಡಿ ವಿಜಯಪುರದಲ್ಲಿ ಕೆಲಸ ಕೊಡಿಸಿದೆ" ಎಂದು ಹೇಳುತ್ತಿದ್ದಾನೆ. ಪೈಪು ಕೊಳ್ಳಲು ಬಂದವರು ಹೌದು ಹೌದು ಎನ್ನುತ್ತಾರೆ.