ಕೈ ಕಾಣದ ಲೈನು

ಮಹೇಶಕುಮಾರ ಆ ಮಾತು ತೆಗೆದದ್ದು ಊಟದ ನಡುವೆ.

"ಅವ್ವ, ಫೈಬರ್ ತಗಸಿ ಹಳೇ ಸಾದಾ ಬ್ರಾಡ್‌ಬ್ಯಾಂಡಿಗೆ ಹೋಗೂಣು. ಈ ಮನಿಗೆ ಇಷ್ಟು ಸ್ಪೀಡ್ ಯಾಕ ಬೇಕು?"

ಕೇಳಿದ್ದು ನನ್ನನ್ನು. ನೋಡಿದ್ದು ಮಾತ್ರ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದ ಗುರುಬಾಯಿಯನ್ನು.

ಗುರುಬಾಯಿ ನನ್ನ ನಾದಿನಿ, ಮಹೇಶನಿಗೆ ಸೋದರತ್ತೆ. ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಬಾಯಲ್ಲಿ ಮಾತಿಲ್ಲ. ಕಾಚಿಗುಡದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಆಕೆ ಹದಿನಾರು ವರ್ಷದ ಹುಡುಗಿ. ಮನೆಯವರೆಲ್ಲ ನನ್ನ ಸೀರೆ, ಸರ ನೋಡುತ್ತಿದ್ದಾಗ ಆಕೆ ಒಬ್ಬಳೇ ನನಗೆ ನೀರು ತಂದುಕೊಟ್ಟು, 'ನೀರು' ಎನ್ನುವುದನ್ನು ಕೈಯಲ್ಲಿ ಹೇಗೆ ಹೇಳಬೇಕೆಂದು ತೋರಿಸಿದಳು. ಈಗ ಅರವತ್ತನಾಲ್ಕು ವರ್ಷ, ಸಿಟ್ಟು ಮೂಗಿನ ತುದಿಯಲ್ಲಿದೆ. ಮನೆಯ ಪ್ರತಿಯೊಬ್ಬರಿಗೂ ಆಕೆ ಇಟ್ಟ ಕೈಹೆಸರಿದೆ. ಮೂಗಿನ ಕೆಳಗೆ ಮುಂಗೈ ಒರೆಸಿಕೊಂಡರೆ ಅದು ಮಹೇಶ. ಚಿಕ್ಕವನಿದ್ದಾಗ ಸದಾ ಸಿಂಬಳ ಸುರಿಸುತ್ತಿದ್ದ. ನಲವತ್ತೈದು ದಾಟಿ, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರೂ ಹೆಸರು ಬದಲಾಗಿಲ್ಲ.

ದಿನಾ ಸಂಜೆ ಐದಕ್ಕೆ ಗುರುಬಾಯಿ ಟ್ಯಾಬ್ ಅನ್ನು ಅಕ್ಕಿಡಬ್ಬಿಗೆ ಆನಿಸಿಟ್ಟು ರಾಯಚೂರಿನ ಹಂಪಮ್ಮನ ಜೊತೆ ಮಾತಾಡುತ್ತಾಳೆ. ಇಬ್ಬರೂ ಕಲಬುರಗಿಯ ಕಿವುಡ ಮಕ್ಕಳ ಶಾಲೆಯಲ್ಲಿ ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಬರೆಯಲು ಬರುವುದು ಹೆಸರು, ವಿಳಾಸ, ಅಷ್ಟೇ. ಶಾಲೆ ಬಿಟ್ಟ ಮೇಲೆ ಯಾರದೋ ಮದುವೆಗಳಲ್ಲಿ ಎರಡು ಸಲ ಭೇಟಿಯಾಗಿದ್ದರು. ಎರಡು ವರ್ಷದ ಹಿಂದೆ ಮನೆಗೆ ಫೈಬರ್ ಬಂದಮೇಲೆ ಈ ಐದು ಗಂಟೆಯ ಮಾತು ಶುರುವಾಯಿತು. ಗುರುಬಾಯಿಗೆ ಹೊರಗಿನವರೊಂದಿಗೆ ಇರುವ ಮಾತು ಅದೊಂದೇ.

ಆಕೆ ನಕ್ಕರೆ ಪಕ್ಕದ ಮನೆಗೂ ಕೇಳುತ್ತದೆ. ತನ್ನ ನಗು ಎಷ್ಟು ದೊಡ್ಡದೆಂದು ಆಕೆಗೆ ತಿಳಿಯುವುದಿಲ್ಲ. ಸೊಸೆ ಶೀತಲಳಿಗೆ ಅದೇ ಕೋಪ. "ನಮ್ಮ ಮನೀ ಸುದ್ದಿ ಎಲ್ಲಾ ದಿನಾ ರಾಯಚೂರಿಗೆ ಹೋಗತೈತಿ ಅತ್ತಿ. ನೋಡ್ರಿ, ಈಗ ನನ್ನ ಕಡೆ ಬೊಟ್ಟು ಮಾಡಿದ್ರು!"

ಮಹೇಶನ ಕೋಪ ಬೇರೆಯದು. ಎರಡು ತಿಂಗಳ ಹಿಂದೆ ಅವನಿಗೆ ಬರಬೇಕಿದ್ದ ಬಡ್ತಿ ಅವನಿಗಿಂತ ಚಿಕ್ಕವನಿಗೆ ಹೋಯಿತು. ನನಗೆ ಹೇಳಿದ, ನಾನು ಗುರುಬಾಯಿಗೆ ಹೇಳಿದೆ. ಮರುದಿನ ಅವನು ಬೇಗ ಮನೆಗೆ ಬಂದಾಗ ಗುರುಬಾಯಿ ಹಂಪಮ್ಮನೆದುರು ಮೂಗಿನ ಕೆಳಗೆ ಮುಂಗೈ ಒರೆಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಮುಖ ಕಪ್ಪಾಯಿತು.

ಹೆಂಡತಿಗೆ ಅವನು ಹೇಳಿಕೊಂಡು ಬಂದದ್ದು, ಅತ್ತೆಯ ಕೈಮಾತು ತನಗೆ ಬರುವುದಿಲ್ಲವೆಂದು. ಏಳನೆಯ ಇಯತ್ತೆಯಲ್ಲಿ ಜೊತೆಯ ಹುಡುಗರು ಅಣಕಿಸಿದರೆಂದು ಕೈ ಆಡಿಸುವುದನ್ನು ಬಿಟ್ಟವನು ಮತ್ತೆ ಆಡಿಸಲಿಲ್ಲ. ಅವನು ಮರೆತಿಲ್ಲವೆಂದು ನನಗೊಬ್ಬಳಿಗೆ ಗೊತ್ತಿತ್ತು. ನಾನೂ ಸುಮ್ಮನಿದ್ದೆ.

ಶನಿವಾರ ಯಾದಗಿರಿ ಎಂಬ ಲೈನ್‌ಮನ್ ಬಂದ. ಐವತ್ತು ದಾಟಿದ ತೆಲುಗಿನವನು. ಗೋಡೆಗೆ ಸ್ಕ್ರೂ ತಿರುವುವ ಮೊದಲು ಕೆಳಗೆ ತಾನೇ ತಂದ ಹಳೆಯ ಪೇಪರು ಹಾಸಿದ, ಸುಣ್ಣದ ಪುಡಿ ಬೀಳದಿರಲೆಂದು. ಟೆಲಿಫೋನಿನ ಹಳೆಯ ತಂತಿಯಲ್ಲೇ ಸಾದಾ ಬ್ರಾಡ್‌ಬ್ಯಾಂಡ್ ಬರುತ್ತದೆ, ಹತ್ತು ದಿನ ಎರಡೂ ಲೈನು ಇರುತ್ತವೆ, ಆಮೇಲೆ ಒಂದನ್ನು ಮುಚ್ಚಬೇಕು ಎಂದು ತೆಲುಗಿನಲ್ಲಿ ವಿವರಿಸಿದ. "ಕನೆಕ್ಷನ್ ಅಮ್ಮನ ಹೆಸರಲ್ಲಿದೆ. ಮುಚ್ಚುವಾಗ ಓಟಿಪಿ ಅಮ್ಮನ ಫೋನಿಗೇ ಬರುತ್ತದೆ" ಎಂದು ಎರಡು ಸಲ ಹೇಳಿದ. ಎರಡನೆಯ ಸಲ ನನ್ನ ಕಡೆ ನೋಡಿ ಹೇಳಿದ.

ಅವತ್ತಿನಿಂದ ಮನೆಯೆಲ್ಲ ಸಾದಾ ಲೈನಿಗೆ ಬಂತು. ಭಾನುವಾರ ಮಹೇಶ ಪರೀಕ್ಷೆ ಇಟ್ಟ. ಶೀತಲಳ ಧಾರಾವಾಹಿ ಹಾಕಿಸಿದ, ಸ್ವಲ್ಪ ಮಸುಕಾದರೂ ನಡೆಯಿತು. ಶಂಶಾಬಾದಿನಲ್ಲಿರುವ ತನ್ನ ಚಿಕ್ಕಪ್ಪನ ಮಗ ಅಮರಯ್ಯನಿಗೆ ವಿಡಿಯೋ ಫೋನು ಮಾಡಿದ.

"ಕೇಳಸ್ತೈತೇನೋ?"

"ಖಡಕ್ ಕೇಳಸ್ತೈತಿ. ಖರೆ ನಿನ್ನ ಮಾರಿ ನಿಂತುಬಿಟ್ಟೈತಿ ನೋಡು, ಎಮ್ಮಿ ಆಕಳಿಸಿದಂಗ!"

"ಮಾರಿ ಬಿಡು. ಮಾತು ಕೇಳಸ್ತಾವಲ್ಲ, ಸಾಕು." ಫೋನಿಟ್ಟು ನನ್ನ ಕಡೆ ತಿರುಗಿದ. "ನೋಡವ್ವ, ಫರಕ್ ಏನೈತಿ?"

ಐದು ಗಂಟೆಗೆ ಫರಕು ಕಂಡಿತು. ಹಂಪಮ್ಮನ ಮುಖ ಚೌಕ ಚೌಕವಾಗಿ ಒಡೆಯಿತು. ಕೈ ಎತ್ತಿದರೆ ಪಾಟಿಯ ಮೇಲಿನ ಒದ್ದೆ ಬಳಪದ ಹಾಗೆ ಬೆರಳುಗಳೆಲ್ಲ ಕಲಸಿಹೋಗುತ್ತಿದ್ದವು. ಗುರುಬಾಯಿ ಟ್ಯಾಬನ್ನು ಕಿಟಕಿಗೆ ಒಯ್ದಳು, ಮೆಟ್ಟಿಲಿಗೆ ಒಯ್ದಳು, ಬೆನ್ನಿಗೆ ಎರಡು ಏಟು ಹಾಕಿದಳು. ಶೀತಲ ಅಡುಗೆಮನೆಯಿಂದ ಬಂದು, "ಬೆಳಕು ಸಾಲವಲ್ದೇನೋ" ಎಂದು ಗೊಣಗಿ ಟ್ಯೂಬ್‌ಲೈಟ್ ಹಾಕಿ ಹೋದಳು. ಗುರುಬಾಯಿಯ ಬಗ್ಗೆ ಒಂದು ಒಳ್ಳೆಯ ಮಾತು ಆಡದವಳು ಅಷ್ಟು ಮಾಡಿದ್ದು ನನಗೆ ದೊಡ್ಡದೆನಿಸಿತು. ಉಪಯೋಗವಾಗಲಿಲ್ಲ.

ಮೂರನೆಯ ದಿನ ಗುರುಬಾಯಿ ಊಟದ ತಾಟನ್ನು ನನ್ನೆದುರು ಕುಕ್ಕಿದಳು. 'ಯಾರು ಮಾಡಿದ್ದು?' ಎಂದು ಕೈಯಲ್ಲಿ ಕೇಳಿದಳು. 'ಲೈನು ಬದಲಾಗಿದೆ, ನೋಡೋಣ' ಎಂದೆ. 'ಯಾರು?' ನಾನು ಚೆಲ್ಲಿದ ಸಾರು ಒರೆಸತೊಡಗಿದೆ. ಆಕೆ ಮಹೇಶನ ಕೋಣೆಯ ಬಾಗಿಲನ್ನು ನೋಡುತ್ತ ಬಹಳ ಹೊತ್ತು ನಿಂತಳು. ಅವತ್ತಿನಿಂದ ಅವನಿಗೆ ಚಹಾ ಕೊಡುವುದನ್ನು ನಿಲ್ಲಿಸಿದಳು. ಅವನು ಆಕೆಯ ಕಡೆ ನೋಡುವುದನ್ನು ಎಂದೋ ನಿಲ್ಲಿಸಿದ್ದ.

ಹತ್ತನೆಯ ದಿನ ಮಹೇಶ ಅರ್ಧ ದಿನ ರಜೆ ಹಾಕಿ ಬಂದ. ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತ.

"ಇವತ್ತ ಕಡೀ ದಿನ. ಓಟಿಪಿ ಬರತೈತಿ, ಹೇಳು."

"ಐದಕ್ಕ ಹಂಪಮ್ಮ ಬರ್ತಾಳ. ನೋಡಿ ಹೇಳ್ತೀನಿ."

"ಅದರಾಗ ನೋಡೂದೇನೈತಿ? ಮಾರಿ ಕಾಣತೈತಿ. ಇದ್ದಾಳ ಅನ್ನೂದು ಗೊತ್ತಾತು, ಮುಗೀತು. ಅವರೇನು ಮಾತಾಡಬೇಕೇನು?"

ನನ್ನ ಮಗನ ಬಾಯಿಂದ ಆ ಮಾತು ಬಂದದ್ದು ನನಗೆ ಇವತ್ತಿಗೂ ಚುಚ್ಚುತ್ತದೆ.

ಐದಕ್ಕೆ ಹಂಪಮ್ಮ ಬಂದಳು, ಚೌಕ ಚೌಕವಾಗಿ. ಗುರುಬಾಯಿ ಏನೋ ಕೇಳಿದಳು. ಹಂಪಮ್ಮ ಉದ್ದಕ್ಕೆ ಏನೋ ಹೇಳತೊಡಗಿದಳು. ಪರದೆಯ ಮೇಲೆ ಕಂಡದ್ದು ಕಂದು ಬಣ್ಣದ ಮಂಜು.

"ಮಹೇಶಾ, ಆಕಿ ಈಗ ಏನಂದ್ಲು?"

"ನನಗೇನು ಗೊತ್ತು?"

"ಅವರಿಗೆಲ್ಲಿ ಬರತೈತಿ ಅತ್ತಿ," ಎಂದಳು ಶೀತಲ, ಬಾಗಿಲಲ್ಲಿ ನಿಂತು.

"ಬರತೈತಿ. ಬಾಯಿ ಬರೂಕಿಂತ ಮೊದಲ ಕೈಲೆ ನೀರು ಕೇಳ್ತಿದ್ದ. ಹೇಳಪಾ, ಫರಕ್ ಇಲ್ಲಂತೀ ಅಲ್ಲ? ಹೇಳಿಬಿಡು, ಓಟಿಪಿ ಕೊಡ್ತೀನಿ."

ಅಷ್ಟರಲ್ಲಿ ನನ್ನ ಫೋನು ಟಿಣ್ ಎಂದಿತು. ಅವನೇ ಕಂಪನಿಗೆ ಕೇಳಿಕೆ ಹಾಕಿದ್ದ. ನಾನು ಆರು ಅಂಕಿಗಳನ್ನು ನೋಡಿ ಫೋನನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಮಹೇಶ ಪರದೆಯನ್ನು ನೋಡಿದ. ಹೆಂಡತಿಯೆದುರು ಸುಳ್ಳಾಡಲು ಬಂದವನು, ಮರೆತು, ನಿಜಕ್ಕೂ ಓದಲು ಯತ್ನಿಸಿದ. ಕಣ್ಣು ಕಿರಿದು ಮಾಡಿದ. ಮುಂದೆ ಬಾಗಿದ. ಹಂಪಮ್ಮನ ಕೈ ಎದೆಯ ಹತ್ತಿರ ಹೋಗಿ ಅಲ್ಲೇ ನಿಂತುಬಿಟ್ಟಿತು.

"ಏನರ ಇರಲಿ, ನನ್ನ ಸುದ್ದೀನ ಇರತೈತಿ!" ಎಂದು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಗುರುಬಾಯಿಯ ಎದುರು ಹೋಗಿ ನಿಂತು ಎರಡೂ ಕೈ ಎತ್ತಿದ.

'ನನ್ನ ಮಾತು ಆಡಬೇಡ. ನನ್ನ ಕೆಲಸದ ಮಾತು ಆಡಬೇಡ. ನಿಮ್ಮಿಬ್ಬರ ನಗೆಗೆ ನಾನೇ ಬೇಕೇನು?'

ಮೂವತ್ತಮೂರು ವರ್ಷದ ಮೇಲೆ ಆಡಿದ ಕೈ ಒರಟಾಗಿತ್ತು, ಅಲ್ಲಲ್ಲಿ ತಡೆಯುತ್ತಿತ್ತು. ಆದರೆ ತಪ್ಪಿರಲಿಲ್ಲ. ಶೀತಲ ಬಾಗಿಲಿಂದ ಒಳಗೆ ಬಂದಳು.

"ರೀ, ನಿಮಗ ಬರತೈತಿ? ಹಂಗಾರ ಇಷ್ಟು ವರ್ಷ ನನಗ ಏನೇನು ಬೈದ್ರು ಅನ್ನೂದೂ ಗೊತ್ತಿತ್ತು ನಿಮಗ!"

ಗುರುಬಾಯಿ ಟ್ಯಾಬನ್ನು ಬೋರಲು ಹಾಕಿದಳು. ಆಕೆಯ ಕೈಗಳು ನಿಧಾನವಾಗಿ ಏಳುತ್ತಿದ್ದವು, ಒಂದೊಂದು ಮಾತನ್ನೂ ಅವನ ಎದೆಗೆ ಒತ್ತುವ ಹಾಗೆ.

"ಏನಂತಾರ?" ಶೀತಲ ನನ್ನನ್ನು ಕೇಳಿದಳು.

"ಅವನ್ನ ಕೇಳು," ಎಂದೆ.

ಮಹೇಶ ಗೋಡೆಯ ಕಡೆ ಮುಖ ಮಾಡಿ ಬಾಯಲ್ಲಿ ಹೇಳಿದ. "ಜ್ವರ ಬಂದಾಗ ನಿನಗ ನೀರು ಕೇಳಿದೆ. ಕಾಲು ಮುರಕೊಂಡಾಗ ಕರದೆ. ತಿಳಿದು ತಿಳಿದು ನೀ ಗೋಡಿ ನೋಡಿದಿ. ನಿನಗ ಕೈಮಾತು ಮರತೈತಿ ಅಂತ ನಾ ನಂಬಿದ್ದೆ. ಅಂತಾಳ."

ಇಷ್ಟು ಹೇಳಿ ಅವನು ಹೊರಗೆ ನಡೆದ. ಚಪ್ಪಲಿ ಹಾಕಿಕೊಳ್ಳುವಷ್ಟೂ ನಿಲ್ಲಲಿಲ್ಲ. ಓಟಿಪಿಯ ಹೊತ್ತು ಮುಗಿದುಹೋಯಿತು. ನಾನು ಯಾದಗಿರಿಗೆ ಫೋನು ಮಾಡಿ, ಫೈಬರ್ ಇರಲಿ, ಹಳೆಯದನ್ನು ಮುಚ್ಚಿಸು ಎಂದೆ. "ಮಂಚಿದಮ್ಮಾ," ಒಳ್ಳೆಯದಮ್ಮಾ ಎಂದ. ಬೇರೇನೂ ಕೇಳಲಿಲ್ಲ. ಮನೆಯಿಡೀ ನನ್ನನ್ನು ಕಾರಣ ಕೇಳಲು ಕಾದಿದ್ದ ಆ ಹೊತ್ತಿನಲ್ಲಿ ಅವನು ಕೇಳದೆ ಬಿಟ್ಟದ್ದೇ ಉಪಕಾರ.

ಮಹೇಶ ನನ್ನೊಡನೆ ಮಾತು ಬಿಟ್ಟ. ಶೀತಲ ಅವನೊಡನೆ ಮಾತು ಬಿಟ್ಟಳು.

ಮರುದಿನ ಫೈಬರ್ ಮತ್ತೆ ಹತ್ತಿತು. ಐದಕ್ಕೆ ಹಂಪಮ್ಮನ ಹತ್ತೂ ಬೆರಳು ಬಳೆಗಳ ಸಮೇತ ನಿಚ್ಚಳವಾಗಿ ಕಂಡವು. ಹತ್ತು ದಿನದ ಬಾಕಿ ಮಾತು ಇಬ್ಬರಿಗೂ. ನಾನು ಸೊಪ್ಪು ಸೋಸುತ್ತ ದೂರ ಕೂತಿದ್ದೆ. ಆರಕ್ಕೆ ಮಹೇಶ ಬಂದ. ನೆಲ ಅದುರಿದ್ದು ಗೊತ್ತಾಯಿತೋ ಏನೋ, ಗುರುಬಾಯಿ ಟ್ಯಾಬನ್ನು ಎತ್ತಿ ಗೋಡೆಗೆ ಆನಿಸಿಟ್ಟು, ಅವನಿಗೂ ನನಗೂ ಬೆನ್ನು ಹಾಕಿ ಕೂತಳು. ಮೊದಲೆಂದೂ ಹಾಗೆ ಕೂತವಳಲ್ಲ. ಅವನಿಗೆ ತಿಳಿಯುತ್ತದೆಂದು ಈಗ ಆಕೆಗೆ ಗೊತ್ತು, ನಾನದನ್ನು ಮುಚ್ಚಿಟ್ಟಿದ್ದೂ ಗೊತ್ತು.

ಅವನು ಬಾಗಿಲಲ್ಲೇ ನಿಂತ. ಅತ್ತೆಯ ಭುಜಗಳು ಮಾತ್ರ ಕಾಣುತ್ತಿದ್ದವು, ಬೇಗ ಬೇಗ ಅಲುಗುತ್ತ. ಪಕ್ಕದ ಮನೆಗೂ ಕೇಳುವ ಹಾಗೆ ಒಮ್ಮೆ ನಕ್ಕಳು. ಅವನು ಒಂದು ಹೆಜ್ಜೆ ಎಡಕ್ಕೆ ಸರಿದ, ಪರದೆಯ ಮೂಲೆಯಲ್ಲಿ ಕಂಡಿರಬೇಕು, ಆಕೆಯೂ ಸರಿದಳು.

"ಏನ್ ಹೇಳಾಕತ್ತಾಳ?" ಎಂದು ಕೊನೆಗೆ ನನ್ನನ್ನೇ ಕೇಳಿದ.

"ನನಗೂ ಕಾಣವಲ್ದು," ಎಂದೆ.